ಅಂಚೆಯಕ್ಕ ಬರುವಾಗಿನ ರಾಗ

ಬಸ್ ನಿಲ್ದಾಣ, ಮೈಕಿನ ಕೊಠಡಿ
ಫೆಬ್ರವರಿ ೩

ಎಲವೋ ತಗಡು,

ಗಾಬರಿಯಾಗಬೇಡ. ಇದು ನನ್ನದೇ ಅಕ್ಷರ. ಕುರ್ಚಿಯಿದ್ದರೆ ಕುಳಿತುಕೋ, ಇಲ್ಲದಿದ್ದರೆ ನೀನೇ ಬಡಿದು ಮಾಡಿದ ಯಾವುದಾದರೂ ಟ್ರಂಕಿನ ಮೇಲೆ ಕುಳಿತುಕೋ. ಮೂವತ್ತು ವರ್ಷಗಳ ಮೇಲೆ ಪರದೆ ಏಳುತ್ತಿದೆ!

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ನನ್ನ ಆಣೆ ಕೂದಲೆಳೆಯಷ್ಟೂ ಸಡಿಲವಾಗಿಲ್ಲ. ಅಂದು ತುಂಬಿದ ಸಭೆ. ಕಿರೀಟ ತೊಟ್ಟು, ಕತ್ತಿ ಹಿರಿದು, ಮೂರನೆಯ ಅಂಕದ ತುತ್ತತುದಿಯಲ್ಲಿ ನಿಂತು "ಗುಡುಗೇ, ಗರ್ಜಿಸು!" ಎಂದು ಕೂಗಿದೆ. ಗುಡುಗು ಗರ್ಜಿಸಲಿಲ್ಲ. ಇನ್ನೊಮ್ಮೆ ಕೂಗಿದೆ. ಊಹೂಂ. ಮುಂದಿನ ಸಾಲಿನಲ್ಲಿ ಯಾವನೋ "ಗುಡುಗು ಇವತ್ತು ರಜ ಹಾಕಿದೆ ಕಣ್ರೀ" ಅಂದ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ದುರಂತ ನಾಟಕವಯ್ಯ ಅದು! ಪಕ್ಕದ ಪರದೆ ಸರಿಸಿ ನೋಡಿದರೆ ಗುಡುಗಿನ ತಗಡು ಹಗ್ಗದಲ್ಲಿ ಸುಮ್ಮನೆ ತೂಗುತ್ತಿದೆ. ಬಾರಿಸಬೇಕಾದ ನೀನು ಎಲ್ಲಿ? ಎದುರು ಬೀದಿಯ ದರ್ಜಿ ಅಂಗಡಿಯ ಬಾಗಿಲಲ್ಲಿ, ಟೀವಿಯ ಮುಂದೆ! ನಮ್ಮ ನಾಟಕ ಕಂಪನಿಯ ಪ್ರೇಕ್ಷಕರನ್ನು ನುಂಗುತ್ತಿದ್ದ ಅದೇ ಡಬ್ಬಿಯ ಮುಂದೆ! ಕಿರೀಟದ ಸಮೇತ ಬೀದಿ ದಾಟಿ ಬಂದು, ನೂಲು ಕತ್ತರಿಗಳ ಸಾಕ್ಷಿಯಾಗಿ ಆಣೆ ಮಾಡಿದೆ: "ಈ ಬಾಯಿ ಇನ್ನು ನಿನ್ನೊಡನೆ ಮಾತಾಡದು!"

ಬಾಯಿ ಅಂದಿದ್ದೆ. ಕೈಯ ವಿಷಯ ಎತ್ತಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಸಂಗತಿ ಇಷ್ಟು. ತಂಗಿಗೆ ಮದುವೆ! ಹೌದು, ನನ್ನ ತಂಗಿಗೇ. ಐವತ್ತಾರನೆಯ ವಯಸ್ಸಿನಲ್ಲಿ, ನಾವೆಲ್ಲ ಆ ಮಾತನ್ನೇ ಮರೆತು ಕುಳಿತಿದ್ದಾಗ. ವರ ಲಿಫ್ಟ್ ರಿಪೇರಿಯವರು. ಅವಳ ಕನ್ನಡಕದಂಗಡಿಯಿರುವ ಕಟ್ಟಡದಲ್ಲಿ ಲಿಫ್ಟು ಎರಡು ಅಂತಸ್ತುಗಳ ನಡುವೆ ನಿಂತುಹೋಯಿತಂತೆ. ಇವಳು ಒಳಗೆ, ಅವರು ಹೊರಗೆ, ಬಾಗಿಲ ಸಂದಿಯಲ್ಲಿ ಮಧ್ಯಾಹ್ನವಿಡೀ ಮಾತು. ಲಿಫ್ಟು ಸ್ವಲ್ಪ ಹೊತ್ತಿಗೇ ಸರಿಹೋಗಿತ್ತಂತೆ. ಇಬ್ಬರೂ ಆ ವಿಷಯ ಬಾಯಿ ಬಿಡಲಿಲ್ಲ!

ನಾನು ಉಬ್ಬಿಹೋಗಿ, ಎದೆ ತಟ್ಟಿ ಕೇಳಿದೆ: "ತಂಗೀ, ಬೇಡು! ಏನು ಬೇಕಾದರೂ ಬೇಡು!" ಕೇಳಬಾರದಿತ್ತು. "ನಾನು ಮೆಟ್ಟಿಲಿಳಿದು ಬರೋವಾಗ ಅಂಚೆಯಕ್ಕನ ರಾಗ ಬೇಕು ಅಣ್ಣ. ಬೇರೇನೂ ಬೇಡ" ಎಂದಳು.

ಲಿಫ್ಟಿನವರನ್ನು ಮದುವೆಯಾಗುವವಳು ಮೆಟ್ಟಿಲಿಳಿದು ಬರುತ್ತಾಳಂತೆ, ಅದಿರಲಿ. ಅಂಚೆಯಕ್ಕ ಯಾರು ಎಂದು ಕೇಳಿದರೆ, ಟೀವಿಯ ಹಳೆಯ ಧಾರಾವಾಹಿಯವಳಂತೆ. ಸೈಕಲ್ ಮೇಲೆ ಬಂದು ಕಾಗದ ಹಂಚುವವಳಂತೆ. ಅವಳು ಬೀದಿಯ ತಿರುವಿಗೆ ಬಂದಳೆಂದರೆ ಹಿನ್ನೆಲೆಯಲ್ಲಿ ಒಂದು ರಾಗವಂತೆ. ಇವಳು ಅದನ್ನು ವಾರವಾರವೂ ನನಗೆ ಗೊತ್ತಿಲ್ಲದಂತೆ ಪಕ್ಕದ ಮನೆಯಲ್ಲಿ ಕೂತು ನೋಡಿದ್ದಾಳೆ. ನನ್ನ ಮನೆಯಲ್ಲೇ ಗೂಢಚಾರಿಣಿ!

ಇಂಟರ್ನೆಟ್ಟಿನಲ್ಲಿ ಹುಡುಕಿಸಿದೆ. ಇಲ್ಲ. ಟೀವಿ ಕೇಂದ್ರಕ್ಕೇ ಹೋಗಿ ವಿಚಾರಿಸಿದೆ. ಆ ಟೇಪುಗಳ ಮೇಲೆಯೇ ಹವಾಮಾನ ವರದಿ ರೆಕಾರ್ಡು ಮಾಡಿಬಿಟ್ಟರಂತೆ. ಅಂದು ದರ್ಜಿ ಅಂಗಡಿಯ ಟೀವಿಯಲ್ಲಿ ಸೈಕಲ್ ಮೇಲೊಬ್ಬಳು ಕಾಗದ ಹಂಚುತ್ತಿದ್ದದ್ದು ನನಗೆ ಈಗಲೂ ನೆನಪಿದೆ. ಆ ಧಾರಾವಾಹಿಗಾಗಿ ಗುಡುಗನ್ನೇ ಬಿಟ್ಟು ಓಡಿದವನು ಭೂಮಿಯ ಮೇಲೆ ಒಬ್ಬನೇ. ಆದ್ದರಿಂದ ಈ ಕೈ ಬೇಡುತ್ತಿದೆ, ಬಾಯಿ ಬೇಡುತ್ತಿಲ್ಲ. ಆ ರಾಗ ಯಾವುದು? ಮದುವೆ ಮೇ ತಿಂಗಳ ಕೊನೆಯ ಶನಿವಾರ.

ಇಂತು,
ಮಾತಾಡದ,
ದೊರೆ

*

ಟ್ರಂಕಿನ ಅಂಗಡಿ
ಫೆಬ್ರವರಿ ೧೪

ದೊರೆಗೆ,

ಕಾಗದ ಬಂತು. ಲಕೋಟೆಯ ಮೇಲೆ ವಿಳಾಸ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕಾಗಿರಲಿಲ್ಲ. ಅಂಚೆಯವನು ಬೀದಿಯ ಆ ತುದಿಯಿಂದಲೇ "ಯಾರೋ ಬೈದಿದಾರೆ ನಿಮ್ಗೆ" ಎಂದು ಕೂಗಿಕೊಂಡು ಬಂದ.

ಆ ಚಿಕ್ಕ ಹುಡುಗಿಗೆ ಮದುವೆ ಎಂದು ಓದಿ ಕೈಲಿದ್ದ ಸುತ್ತಿಗೆ ಕೆಳಗಿಟ್ಟೆ. ನನಗೆ ಅವಳು ಇನ್ನೂ ಚಿಕ್ಕ ಹುಡುಗಿಯೇ. ನಮ್ಮ ವೇಷದ ಪೆಟ್ಟಿಗೆಗಳ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಬಹಳ ಸಂತೋಷವಾಯಿತು.

ರಾಗ ಗೊತ್ತು. ಪೂರ್ತಿ ಗೊತ್ತಿಲ್ಲ. ಕೊನೆಯ ಭಾಗ ಚೆನ್ನಾಗಿ ಗೊತ್ತು. ನನ್ನ ಹತ್ತಿರ ಒಂದು ಮೌತ್ ಆರ್ಗನ್ ಇದೆ, ಅದರಲ್ಲಿ ನುಡಿಸುತ್ತೇನೆ. ಮೊದಲ ಭಾಗ ತಂಗಿಗೆ ನೆನಪಿರಬಹುದು, ಅವಳನ್ನೇ ಕೇಳು. ಫೋನು ಬೇಡ. ತಗಡು ಬಡಿದೂ ಬಡಿದೂ ಫೋನಿನಲ್ಲಿ ನನಗೆ ಎಲ್ಲರೂ ಜೇನುನೊಣದ ಹಾಗೆ ಕೇಳಿಸುತ್ತಾರೆ.

ನಡುವಿನ ಭಾಗ ಟೀವಿಯಲ್ಲಿ ಯಾರೂ ಸರಿಯಾಗಿ ಕೇಳಿಲ್ಲ. ಅಲ್ಲಿಗೆ ಬರುವ ಹೊತ್ತಿಗೆ ಅಂಚೆಯಕ್ಕ ಸೈಕಲ್ ಬೆಲ್ಲು ಹೊಡೆಯುತ್ತಿದ್ದಳು. ಬೆಲ್ಲಿನ ಕೆಳಗೆ ರಾಗ ಮುಚ್ಚಿಹೋಗುತ್ತಿತ್ತು.

ಬಸ್ಸು ಕೂಗುವ ಕೆಲಸ ಸಿಕ್ಕಿದೆಯೆಂದು ಹಿಂದೆಯೇ ಯಾರೋ ಹೇಳಿದ್ದರು. ಒಳ್ಳೆಯದಾಯಿತು.

ನಿನ್ನ,
ತಗಡು

*

ಬಸ್ ನಿಲ್ದಾಣ
ಫೆಬ್ರವರಿ ೨೨

ತಗಡು,

"ಒಳ್ಳೆಯದಾಯಿತು" ಅಂತೆ! ಒಂದೇ ಮಾತಿನಲ್ಲಿ ಮುಗಿಸಿದೆಯಲ್ಲ! ಅಯ್ಯಾ, ಇಲ್ಲಿಗೊಮ್ಮೆ ಬಂದು ಕೇಳು. "ಮಹಾಜನರೇ! ನಾಲ್ಕನೆಯ ಅಂಕಣದತ್ತ ಕಣ್ಣೆತ್ತಿ ನೋಡಿ! ಧೂಳಿನ ಮೋಡವನ್ನು ಸೀಳಿಕೊಂಡು ಬರುತ್ತಿರುವುದು ಯಾರು?" ಎಂದು ನಾನು ಘೋಷಿಸಿದರೆ ಚಹಾ ಹಿಡಿದವರು ಹಿಡಿದಂತೆಯೇ ನಿಲ್ಲುತ್ತಾರೆ. ನಿಲ್ದಾಣದ ಮೇಲ್ವಿಚಾರಕರ ತಕರಾರು ಒಂದೇ: "ನೀವು ಹೇಳ್ತಿರಿ, ಜನ ಕೇಳ್ತಾ ನಿಂತ್ಬಿಡ್ತಾರೆ, ಬಸ್ಸು ಖಾಲಿ ಹೋಗುತ್ತೆ."

ಈಗ ರಾಗದ ಯುದ್ಧಕಾಂಡ ಕೇಳು. ತಂಗಿ ಮೊದಲ ಭಾಗವನ್ನು ಗುನುಗಿದಳು. ಪಾತ್ರೆ ಒರೆಸುತ್ತ, ನಾಚಿಕೊಳ್ಳುತ್ತ ಗುನುಗಿದಳು. ಎಂಥ ಚೆಂದವಯ್ಯ! ಏರುತ್ತದೆ, ಬಾಗಿಲ ಹತ್ತಿರ ಬಂದಂತೆ ಮಾಡುತ್ತದೆ, ಅಲ್ಲಿಗೆ ಟಪ್ಪನೆ ಕಡಿದುಹೋಗುತ್ತದೆ. "ಇಷ್ಟೇನಾ?" ಅಂದೆ. "ಆಮೇಲೆ ಬೆಲ್ಲು" ಅಂದಳು. ನೀನು ಹೇಳಿದ್ದು ನಿಜ.

ನಾನು ಅವಳ ಹಿಂದೆಯೇ ಹಾಡಲು ಹೋದೆ. ನನ್ನ ಕಂಠ ಹೇಗೆಂದು ನಿನಗೆ ಗೊತ್ತೇ ಇದೆ. ಮಾತಿಗೆ ಸಿಂಹ, ಹಾಡಿಗೆ ಮುರಿದ ನಲ್ಲಿ. ಪಕ್ಕದ ಮನೆಯಾಕೆ ತಮ್ಮ ಫೋನು ತಂದು "ಇದರ ಮುಂದೆ ಗುನುಗಿ ಸಾರ್, ಯಾವ ಹಾಡಾದ್ರೂ ಹುಡುಕಿಕೊಡುತ್ತೆ" ಅಂದರು. ಗುನುಗಿದೆ. ಫೋನು ಬಹಳ ಹೊತ್ತು ಯೋಚಿಸಿ, ದೋಣಿಯ ಎಂಜಿನ್ನಿನ ಜಾಹೀರಾತೊಂದನ್ನು ತೋರಿಸಿತು. ತಂಗಿ ನೆಲದ ಮೇಲೆ ಕುಳಿತು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಬಹಳ ವರ್ಷವಾಗಿತ್ತು. ಸುಮ್ಮನೆ ಇನ್ನೆರಡು ಸಲ ಗುನುಗಿದೆ.

ಆಮೇಲೆ ಕೇಳಿದೆ. "ಇಷ್ಟು ರಾಗಗಳಿರುವ ಪ್ರಪಂಚದಲ್ಲಿ ಇದೇ ಏಕೆ ತಂಗೀ? ಇನ್ನೊಂದನ್ನು ಹಾಕಿದರೆ ಆಗದೇ?" ಅವಳು ಕೈಲಿದ್ದ ತಟ್ಟೆಯನ್ನು ಇನ್ನೊಮ್ಮೆ ಒರೆಸಿದಳು. ಅದು ಆಗಲೇ ಒಣಗಿತ್ತು.

"ಆ ರಾಗ ಶುರುವಾಯ್ತು ಅಂದ್ರೆ ಯಾರ ಮನೆಗೋ ಏನೋ ಒಳ್ಳೇದು ಬರ್ತಿದೆ ಅಂತ ಲೆಕ್ಕ ಅಣ್ಣ. ವಾರವಾರವೂ ಬೇರೆ ಮನೆ. ನಾನು ನೋಡ್ತಾ ನೋಡ್ತಾ ಅನ್ಕೊಳ್ಳೋಳು, ಒಂದಲ್ಲ ಒಂದು ವಾರ ನಮ್ಮನೆ ಮುಂದೇನೂ ಸೈಕಲ್ ನಿಲ್ಲುತ್ತೆ ಅಂತ. ನಿಂತೇ ಇಲ್ಲ. ಈಗ ನಿಂತಿದೆಯಲ್ಲ, ರಾಗ ಬೇಡ್ವಾ?"

ತಗಡು, ಅವಳು ತನ್ನ ಜೀವಮಾನದಲ್ಲಿ ನನ್ನನ್ನು ಇದೊಂದನ್ನೇ ಬೇಡಿದ್ದಾಳೆ. ನಾನು ಊರೂರು ತಿರುಗಿ ರಾಜನಾಗಿ ಮೆರೆಯುತ್ತಿದ್ದಾಗ ಮನೆಯ ದೀಪ ಹಚ್ಚಿದ್ದು ಅವಳ ಕನ್ನಡಕದಂಗಡಿ. ಮೊದಲ ತುಂಡು ಅವಳಲ್ಲಿದೆ, ಕೊನೆಯ ತುಂಡು ನಿನ್ನಲ್ಲಿದೆ. ನಡುವಿನದು ಎಲ್ಲಿದೆ? ಹೇಳು! ಸಮುದ್ರದ ತಳದಲ್ಲಿದೆಯೇ? ಹೇಳು, ಧುಮುಕುತ್ತೇನೆ!

ಆತುರದಲ್ಲಿರುವ,
ದೊರೆ

*

ಟ್ರಂಕಿನ ಅಂಗಡಿ
ಮಾರ್ಚ್ ೫

ದೊರೆಗೆ,

ಧುಮುಕುವುದು ಬೇಡ. ಮನೆಯಲ್ಲೇ ಸಿಗುತ್ತದೆ. ಕಾರಣ ಕೇಳದೆ ಹೇಳಿದಷ್ಟು ಮಾಡು.

ಎರಡನೆಯ ಅಂಕ ಮುಗಿದು ಮೂರನೆಯದು ಶುರುವಾಗುವ ಮುಂಚೆ ನೀನು ರಾಜನ ವೇಷದಲ್ಲಿ ಒಳಗೆ ಬರುತ್ತಿದ್ದೆ, ಭಿಕ್ಷುಕನಾಗಿ ಹೊರಗೆ ಹೋಗುತ್ತಿದ್ದೆ. ಮೂರನೆಯ ಅಂಕದ ಕೊನೆಗೆ ಮತ್ತೆ ರಾಜ. ನಾನು ಹೇಳುವುದು ಮೊದಲನೆಯ ಬದಲಾವಣೆ. ನೆನಪಿದೆಯಲ್ಲ. ನೀನು ಬಂದ ಕೂಡಲೇ ಕಿರೀಟ ನಾನು ಇಸಿದುಕೊಳ್ಳುತ್ತಿದ್ದೆ. ಮೀಸೆಯ ಎಡತುದಿ ನೀನೇ ಕೀಳುತ್ತಿದ್ದೆ. ಅಲ್ಲಿಂದ ಮುಂದೆ ನಾನು ನಿನ್ನ ಹತ್ತಿರ ಇರುತ್ತಿರಲಿಲ್ಲ. ಕಂಬಳಿ, ಬಟ್ಟಲು ತರಲು ವೇದಿಕೆಯ ಹಿಂದಿನಿಂದ ಆ ಕಡೆಗೆ ಓಡುತ್ತಿದ್ದೆ. ಎದೆಕವಚ ನೀನೊಬ್ಬನೇ ಬಿಚ್ಚಬೇಕಾಗಿತ್ತು. ಪಕ್ಕೆಯಲ್ಲಿ ಎರಡು ಬಕಲ್ಲು. ಕೆಳಗಿನದು ಯಾವಾಗಲೂ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಬೂಟು. ಅಷ್ಟರಲ್ಲಿ ನಾನು ಬರುತ್ತಿದ್ದೆ.

ಸಿಕ್ಕಿದ್ದನ್ನು ತೊಟ್ಟುಕೊಂಡು ಅದನ್ನೇ ಮಾಡು. ನಿಧಾನ ಮಾಡಬೇಡ. ಸಭೆ ಕಾಯುತ್ತಿದೆ ಎಂದುಕೊಂಡು ಮಾಡು. ತಂಗಿ ಪಕ್ಕದಲ್ಲಿರಲಿ. ಮೊದಲ ಭಾಗ ಅವಳು ಗುನುಗಿದ ಮೇಲೆ ನೀನು ಕವಚಕ್ಕೆ ಕೈ ಹಾಕು.

ಹಾಡಲು ಹೋಗಬೇಡ. ಕೈ ಕೆಲಸ ಮಾತ್ರ ಮಾಡು.

ತಗಡು

*

ಮನೆ
ಮಾರ್ಚ್ ೧೧

ತಗಡು! ತಗಡು! ತಗಡು!

ಸಿಕ್ಕಿತು!

ವೇದಿಕೆ: ನಮ್ಮ ಊಟದ ಕೋಣೆ. ಕಿರೀಟ: ಹಾಲು ಕಾಯಿಸುವ ಪಾತ್ರೆ. ಮೀಸೆ: ಹಲ್ಲುಜ್ಜುವ ಹಳೆಯ ಬ್ರಷ್ಷು, ಅಂಟುಪಟ್ಟಿಯಲ್ಲಿ ಅಂಟಿಸಿದ್ದು. ಎದೆಕವಚ: ಭಾವೀ ಭಾವನವರು ಲಿಫ್ಟಿನ ಗುಂಡಿಗಿಳಿಯುವಾಗ ತೊಡುವ, ಪಕ್ಕೆಯಲ್ಲಿ ಬಕಲ್ಲುಗಳಿರುವ ಜಾಕೀಟು. ಅವರೂ ಇದ್ದರು. ಮದುವೆಗೆ ಮುಂಚೆಯೇ ಈ ಮನೆಯ ನಿಜರೂಪ ತಿಳಿಯಲಿ ಎಂದು ಸೋಫಾದ ಮೇಲೆ ಕೂರಿಸಿದ್ದೆ.

ಮೊದಲನೆಯ ಸಲ ಸೋತೆ. ಎರಡನೆಯ ಸಲ ಪಾತ್ರೆ ತಲೆಯಲ್ಲೇ ಸಿಕ್ಕಿಕೊಂಡಿತು. ಭಾವನವರು "ಎಣ್ಣೆ ತರ್ಲಾ?" ಎಂದು ಎದ್ದೇಬಿಟ್ಟರು. ಮೂರನೆಯ ಸಲ ತಂಗಿ ಗುನುಗಿ ನಿಲ್ಲಿಸಿದಳು. ಸಭೆ ಕಾಯುತ್ತಿದೆ ಎಂದುಕೊಂಡೆ. ಪಾತ್ರೆ ತೆಗೆದೆ. ಮೀಸೆ ಕಿತ್ತೆ. ಕೈ ಪಕ್ಕೆಗೆ ಹೋಯಿತು. ಮೇಲಿನ ಬಕಲ್ಲು ಬಿಚ್ಚಿತು. ಕೆಳಗಿನದು ಸಿಕ್ಕಿಕೊಂಡಿತು, ಸಿಕ್ಕಿಕೊಂಡಾಗ ನನ್ನ ಮೂಗಿನಿಂದ ಏನೋ ಒಂದು ಸ್ವರ ಹೊರಟಿತು. ನಾನು ಹೊರಡಿಸಲಿಲ್ಲ, ತಾನಾಗಿ ಹೊರಟಿತು! ಬಕಲ್ಲು ಬಿಡುವ ತನಕ ಆ ಸ್ವರ ಎಳೆದೂ ಎಳೆದೂ ನಿಂತಿತ್ತು. ಬಕಲ್ಲು ಬಿಟ್ಟಿತು. ಸ್ವರ ಇಳಿಯಿತು. ಬೂಟಿನ ಹೊತ್ತಿಗೆ ಕುಣಿದುಕೊಂಡು ಹೊರಟಿತು!

ತಂಗಿ ಎದ್ದು ನಿಂತಿದ್ದಳು. "ಅದೇ! ಅಣ್ಣ, ಅದೇ! ಬೆಲ್ಲಿನ ಹಿಂದೆ ಇದ್ದಿದ್ದು ಅದೇ!"

ನಾನು ಹಾಗೆಯೇ ಒಂದು ಬೂಟು ಕೈಯಲ್ಲಿ ಹಿಡಿದು ನಿಂತೆ. ಏಕೆಂದರೆ ಆಗ ನನಗೆ ಗೊತ್ತಾಯಿತು. ತಗಡು, ಅದು ನಮ್ಮ ರಾಗ. ನಮ್ಮ ಪಿಟೀಲು ಮೇಷ್ಟ್ರು, ನಾನು ವೇಷ ಬದಲಿಸುವಷ್ಟು ಹೊತ್ತು ಸಭೆ ಚದುರದಂತೆ ಹಿಡಿದಿಡಲು ನುಡಿಸುತ್ತಿದ್ದ ರಾಗ. ವೇದಿಕೆಯ ಮೂಲೆಯಲ್ಲಿ ಕೂತು ಓರೆಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದರು. ಬಕಲ್ಲು ಸಿಕ್ಕಿಕೊಂಡರೆ ಅವರ ಕಮಾನೂ ಅಲ್ಲೇ ನಿಲ್ಲುತ್ತಿತ್ತು. ನನಗಾಗಿ ಕಾಯುತ್ತಿದ್ದ ಸ್ವರ ಅದು. ಸಾವಿರ ಸಂಜೆ ಅದನ್ನು ಕೇಳಿದ್ದೇನೆ, ಒಂದು ಸಂಜೆಯೂ ಕಿವಿಗೊಟ್ಟಿಲ್ಲ. ಬಕಲ್ಲಿನ ಮೇಲೆ ಸಿಟ್ಟು ಮಾಡಿಕೊಂಡಿರುತ್ತಿದ್ದೆ!

ಈಗ ಕೇಳು, ಗುಡುಗುತ್ತಿದ್ದೇನೆ. ನಮ್ಮ ಮೇಷ್ಟ್ರ ರಾಗ ಆ ಡಬ್ಬಿಯೊಳಗೆ ಹೋದದ್ದು ಹೇಗೆ? ಯಾರು ಕದ್ದರು? ಮೇಷ್ಟ್ರು ಹೋಗಿ ಎಷ್ಟೋ ಕಾಲವಾಯಿತು, ಅವರನ್ನು ಕೇಳುವಂತಿಲ್ಲ. ನಿನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ನನಗೆ ಪಾತ್ರೆ ತೊಡಿಸಿದೆ. ಆ ಸಂಜೆ ನೀನು ಗುಡುಗನ್ನು ಬಿಟ್ಟು ಆ ಅಂಗಡಿಗೆ ಹೋದದ್ದು ಏಕೆ?

ಕೇಳುತ್ತಿದ್ದೇನೆ, ಉತ್ತರ ಬರೆ.

ದೊರೆ

*

ಟ್ರಂಕಿನ ಅಂಗಡಿ
ಮಾರ್ಚ್ ೨೦

ದೊರೆ,

ಏಕೆ ಎಂದು ನೀನು ಕೇಳಿದ್ದು ಇದೇ ಮೊದಲು. ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಯಾರೂ ಕದಿಯಲಿಲ್ಲ. ಟೀವಿಯವರು ಒಂದು ಮಧ್ಯಾಹ್ನ ಬಂದಿದ್ದರು. ನೀನು ಮಲಗಿದ್ದೆ. ಹಿಂದಿನ ವಾರ ನಾಟಕ ನೋಡಿದ್ದರಂತೆ, ಆ ರಾಗ ಕೊಡುತ್ತೀರಾ ಎಂದು ಮೇಷ್ಟ್ರನ್ನು ಕೇಳಿದರು. ಅವರು ಒಪ್ಪಿ, ಬಣ್ಣದ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ನುಡಿಸಿದರು. ಆಮೇಲೆ ಹೆದರಿದರು. ಟೀವಿ ಎಂದರೆ ನೀನು ಹಾರಾಡುತ್ತಿದ್ದೆಯಲ್ಲ. "ದೊರೆಗೆ ಹೇಳ್ಬೇಡಪ್ಪ, ಅವನಿಗೆ ನೋವಾಗುತ್ತೆ. ನನಗೆ ಒಂದು ಸಲ ಕೇಳಬೇಕು ಅಷ್ಟೇ" ಎಂದರು.

ಅವರು ಜಾರಿ ಬಿದ್ದು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ವಾರ ನೆನಪಿರಬೇಕು. ಆ ವಾರ ನಮ್ಮಲ್ಲಿ ಪಿಟೀಲೇ ಇರಲಿಲ್ಲ. ಅದೇ ವಾರ ಧಾರಾವಾಹಿ ಶುರುವಾಯಿತು. ಎರಡನೆಯ ಅಂಕ ಮುಗಿದು ನಿನಗೆ ಕಂಬಳಿ ಹೊದಿಸಿ ಕಳಿಸಿದ ಮೇಲೆ ಅವರನ್ನು ಬೆನ್ನ ಮೇಲೆ ಹೊತ್ತು ದರ್ಜಿ ಅಂಗಡಿಗೆ ಕರೆದುಕೊಂಡು ಹೋದೆ. ಗುಡುಗಿನ ಹೊತ್ತಿಗೆ ವಾಪಸು ಬರುವ ಲೆಕ್ಕವಿತ್ತು. ವಾರ್ತೆ ಮುಗಿಯಲೇ ಇಲ್ಲ. ಆಮೇಲೆ ಅಂಚೆಯಕ್ಕ ತಿರುವಿಗೆ ಬಂದಳು, ರಾಗ ಶುರುವಾಯಿತು. ನಾನು ಓಡಿಬರಬಹುದಿತ್ತು. ಮೇಷ್ಟ್ರು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು.

ತಮ್ಮ ಪಿಟೀಲನ್ನು ದೂರ ಕೂತು ಅವರು ಯಾವತ್ತೂ ಕೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು. ರಾಗ ಮುಗಿದ ಮೇಲೆ ನನ್ನ ಕಿವಿಯಲ್ಲಿ, "ಯಾರಯ್ಯ ಅದು, ಪರವಾಗಿಲ್ವೇ!" ಅಂದರು. ನಾವಿಬ್ಬರೂ ನಗುತ್ತಿದ್ದಾಗ ನೀನು ಕಿರೀಟ ತೊಟ್ಟು ಬಂದೆ.

ಅವರು ನನ್ನ ಪಕ್ಕದಲ್ಲೇ, ಬಾಗಿಲ ಮರೆಯ ಸ್ಟೂಲಿನ ಮೇಲಿದ್ದರು. ನಿನಗೆ ಕಾಣಲಿಲ್ಲ. ನೀನು ಆಣೆ ಮಾಡುವಾಗ ಎಲ್ಲ ಹೇಳಿಬಿಡುತ್ತೇನೆಂದು ಏಳಲು ನೋಡಿದರು. ನಾನೇ ಭುಜ ಒತ್ತಿ ಕೂರಿಸಿದೆ. ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು, ಕೆಡಿಸಲು ಮನಸ್ಸು ಬರಲಿಲ್ಲ. ನಿನ್ನ ಸಿಟ್ಟು ನಾಳೆ ಇಳಿಯುತ್ತದೆ ಎಂದುಕೊಂಡೆ.

ಅಂಗಡಿಗೆ ಟ್ರಂಕು ಒಯ್ಯಲು ಜನ ಬಂದಿದ್ದಾರೆ. ಇಷ್ಟಕ್ಕೆ ನಿಲ್ಲಿಸುತ್ತೇನೆ.

ತಗಡು

*

ಕನ್ನಡಕದ ಅಂಗಡಿ
ಏಪ್ರಿಲ್ ೯

ತಗಡಣ್ಣನಿಗೆ ನಮಸ್ಕಾರ.

ನಿಮ್ಮ ಕಾಗದ ಬಂದಾಗಿನಿಂದ ಅಣ್ಣ ಮೆತ್ತಗೆ ಬಸ್ಸು ಕೂಗುತ್ತಿದ್ದಾನೆ. "ನಾಲ್ಕನೇ ಅಂಕಣ. ಬಸ್ಸು ಬಂದಿದೆ" ಅಷ್ಟೇ. ಜನ ಗಾಬರಿಯಾಗಿದ್ದಾರೆ. ಒಬ್ಬ ಮುದುಕಿ ಮನೆಯವರೆಗೂ ಬಂದು "ನಿಮ್ಮಣ್ಣನಿಗೆ ಮೈ ಹುಷಾರಿಲ್ವೇನಮ್ಮ?" ಎಂದು ಕೇಳಿ ಹೋದರು. ಮೇಲ್ವಿಚಾರಕರು ಮಾತ್ರ ಖುಷಿಯಾಗಿದ್ದಾರೆ, ಬಸ್ಸುಗಳು ತುಂಬಿ ಹೋಗುತ್ತಿವೆಯಂತೆ.

ಮನೆಯಲ್ಲಿ ಕಾಗದ ತೆಗೆದುಕೊಂಡು ಕೂರುತ್ತಾನೆ, "ತಗಡು" ಎಂದು ಬರೆಯುತ್ತಾನೆ, ಹರಿದು ಬಿಸಾಡುತ್ತಾನೆ. ನಿನ್ನೆ ಒಂದು ಸಲ ನನ್ನನ್ನು ಕರೆದು "ಮೇಷ್ಟ್ರು ನಗ್ತಿದ್ರಂತೆ ಕಣೇ" ಅಂದ. ಅಷ್ಟೇ. ಆಮೇಲೆ ಪಾತ್ರೆಗಳನ್ನೆಲ್ಲ ತಾನೇ ತೊಳೆದ. ಬಹಳ ಕೆಟ್ಟದಾಗಿ ತೊಳೆದ.

ಅವನು ಬರೆದಾಗ ಬರೆಯಲಿ. ಮದುವೆಗೆ ನಾನು ಕರೆಯುತ್ತಿದ್ದೇನೆ, ನೀವು ಬರಲೇಬೇಕು. ಮೌತ್ ಆರ್ಗನ್ ಮರೆಯಬೇಡಿ. ಮೊದಲ ಭಾಗ ಇವರು ಫೋನಿನಲ್ಲಿ ರೆಕಾರ್ಡು ಮಾಡಿದ್ದಾರೆ. ನಿಮಗೆ ಜೇನುನೊಣದ ಹಾಗೆ ಕೇಳಿಸಬಾರದೆಂದು, ನಿಮ್ಮ ಕಡೆ ಲಿಫ್ಟು ರಿಪೇರಿಗೆ ಬರುವಾಗ ದೊಡ್ಡ ಸ್ಪೀಕರು ಹೊತ್ತು ತರುತ್ತಾರಂತೆ. ನೀವು ಕೇಳಿ ಕಲಿತುಕೊಳ್ಳಿ. ನಡುವಿನ ಭಾಗ ಮಾತ್ರ ಅಣ್ಣನೇ ಮಾಡಬೇಕು. ಆ ಜಾಕೀಟು ಬಿಚ್ಚದೆ ಅವನಿಗೆ ಸ್ವರ ಹೊರಡುವುದಿಲ್ಲ.

ನಿಮ್ಮ ಪೆಟ್ಟಿಗೆಗಳ ಮೇಲೆ ಕಾಲು ಆಡಿಸುತ್ತಿದ್ದ,
ತಂಗಿ

*

ಬಸ್ ನಿಲ್ದಾಣ
ಏಪ್ರಿಲ್ ೧೪

ತಗಡು,

ಬಾ.

ಆಣೆ ಆಣೆಯೇ, ಮಾತಾಡಲಾರೆ. ಆದರೆ ಗುನುಗುವುದು ಮಾತಲ್ಲ. ಕಾನೂನು ಕೂಲಂಕಷವಾಗಿ ನೋಡಿದ್ದೇನೆ.

ಮೊದಲ ಬಸ್ಸಿಗೆ ಬಾ. ಅದು ನಾಲ್ಕನೆಯ ಅಂಕಣಕ್ಕೆ ಬರುತ್ತದೆ. ನಾನು ಮೈಕಿನಲ್ಲಿರುತ್ತೇನೆ.

ದೊರೆ

*

ಮನೆ
ಜೂನ್ ೨

ಎಲವೋ ತಗಡು,

ಮೆಟ್ಟಿಲ ಕೆಳಗಿನ ಕತ್ತಲಿನಲ್ಲಿ ನಿಂತು ಎಲ್ಲವನ್ನೂ ಮಾಡಿ, ಏನನ್ನೂ ನೋಡದೆ, ಕೊನೆಯ ಬಸ್ಸು ಹಿಡಿದು ಹೋದೆ. ಜೀವಮಾನವೆಲ್ಲ ಇದೇ ಆಯಿತು ನಿನ್ನದು. ಎಷ್ಟು ನಾಟಕ ಆಡಿಸಿದೆ, ಒಂದನ್ನಾದರೂ ಮುಂದಿನಿಂದ ನೋಡಿದೆಯಾ? ಆದ್ದರಿಂದ ಕುಳಿತುಕೋ. ಮುಂದಿನ ಸಾಲಿನಲ್ಲಿ ಕುಳಿತುಕೋ. ಅಂದು ಏನಾಯಿತೆಂದು ನಾನು ತೋರಿಸುತ್ತೇನೆ.

ಬೆಳಿಗ್ಗೆ ನಿನ್ನ ಬಸ್ಸು ಬಂತು. ನೀನಿಳಿದೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ನಡಿಗೆ ಮಾತ್ರ ಅದೇ, ವೇದಿಕೆಯ ಮೇಲೆ ಸದ್ದಾಗಬಾರದೆಂಬ ನಡಿಗೆ. ಕಂಕುಳಲ್ಲಿ ಹಳೆಯ ಪೇಪರು ಸುತ್ತಿದ ಅಗಲವಾದದ್ದೇನೋ. ಕನ್ನಡಿಯ ಉಡುಗೊರೆ ಎಂದುಕೊಂಡೆ. ನಿನ್ನೊಡನೆ ಮಾತಾಡುವಂತಿಲ್ಲ. ಆದರೆ ಪ್ರಯಾಣಿಕರೊಡನೆ ಮಾತಾಡುವುದು ನನ್ನ ಕೆಲಸ! "ಮಹಾಜನರೇ! ನಾಲ್ಕನೆಯ ಅಂಕಣದಲ್ಲಿ ಕನ್ನಡಿ ಹೊತ್ತು ಇಳಿದ ಮಹನೀಯರು ದಯವಿಟ್ಟು ಮೆಲ್ಲಗೆ ನಡೆಯಬೇಕು! ಎಡಗಡೆಯ ಬಾಗಿಲಿನಲ್ಲಿ ಲಿಫ್ಟ್ ರಿಪೇರಿಯವರು ಕಾದಿದ್ದಾರೆ! ಚಹಾ ಕುಡಿಯದೆ ಹೊರಡಬಾರದು!" ಎಂದು ಗರ್ಜಿಸಿದೆ. ನಿಲ್ದಾಣಕ್ಕೆ ನಿಲ್ದಾಣವೇ ಚಪ್ಪಾಳೆ ತಟ್ಟಿತು. ದೊರೆಗೆ ಮೈ ಹುಷಾರಾಯಿತೆಂದು ಅವರ ಸಂತೋಷ. ನೀನು ತಲೆಯೆತ್ತಿ ಸ್ಪೀಕರಿನ ಕಡೆ ನೋಡಿದೆ. ನಾನು ಗಾಜಿನ ಹಿಂದಿದ್ದೆ. ನನ್ನ ಮುಖ ಆಗ ಹೇಗಿತ್ತೆಂದು ಬರೆಯುವುದಿಲ್ಲ.

ಈಗ ನಮ್ಮ ಮನೆಯಿರುವ ಕಟ್ಟಡದ ಮೆಟ್ಟಿಲು. ಕೆಳಗೆ ಅಂಗಳದಲ್ಲಿ ಜನ, ನೋಂದಣಿ ಅಧಿಕಾರಿ, ಮೇಜು. ಭಾವನವರು ಹೊಸ ಅಂಗಿಯಲ್ಲಿ, ಕಿಸೆಯಲ್ಲಿ ಅಭ್ಯಾಸಬಲದಿಂದ ಒಂದು ಸ್ಕ್ರೂಡ್ರೈವರು. ನಾನು ಮೆಟ್ಟಿಲ ಬುಡದಲ್ಲಿ, ತಲೆಯ ಮೇಲೆ ಕಿರೀಟ, ನಿಜವಾದದ್ದೇ, ಅಟ್ಟದಿಂದ ಇಳಿಸಿದ್ದು. ಮೈಮೇಲೆ ಆ ಜಾಕೀಟು.

ನಿನ್ನ ಮೌತ್ ಆರ್ಗನ್ ಶುರುವಾಯಿತು. ಮೂರನೆಯ ಅಂತಸ್ತಿನ ಬಾಗಿಲು ತೆರೆಯಿತು. ತಂಗಿ ಬಂದಳು. ಹಸಿರು ಸೀರೆ. ಮೂಗಿನ ಮೇಲೆ ಹೊಸ ಕನ್ನಡಕ, ಅವಳೇ ಹೊಂದಿಸಿಕೊಂಡದ್ದು. ಎಡಗೈ ಕಟಕಟೆಯ ಮೇಲೆ, ಒಂದೊಂದೇ ಮೆಟ್ಟಿಲು. ಮೊದಲ ಭಾಗ ಮುಗಿಯುವ ಹೊತ್ತಿಗೆ ಎರಡನೆಯ ಅಂತಸ್ತಿನ ತಿರುವಿಗೆ ಬಂದಳು. ನೀನು ನಿಲ್ಲಿಸಿದೆ. ನಾನು ಕಿರೀಟ ತೆಗೆದೆ, ಮೇಲಿನ ಬಕಲ್ಲು ಬಿಚ್ಚಿದೆ, ಗುನುಗು ಹೊರಟಿತು. ಕೆಳಗಿನದಕ್ಕೆ ಕೈ ಹಾಕಿದೆ.

ಆಗ ಅವಳು ನಿಂತುಬಿಟ್ಟಳು.

ತಿರುವಿನಲ್ಲಿ ಹಾಗೆಯೇ ನಿಂತಳು. ನೀನು ಕೆಳಗೆ ಕೇಳುತ್ತಿದ್ದವನು, ಆ ಸ್ವರ ಅಷ್ಟು ಉದ್ದ ಏಕೆ ಹೋಯಿತೆಂದು ನಿನಗೆ ಗೊತ್ತಾಗಿರಲಾರದು. ಅಳುತ್ತಿರಲಿಲ್ಲ. ಕೆಳಗೆ ನಿಂತ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು, ಯಾರ ಮನೆಯ ಮುಂದೆ ಸೈಕಲ್ ನಿಂತಿದೆ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ. ತಗಡು, ಬಕಲ್ಲು ಆಗಲೇ ಬಿಚ್ಚಿತ್ತು! ಎರಡು ಬೆರಳಿಗೇ ಬಿಚ್ಚಿತ್ತು! ನಾನು ಬಿಡಲಿಲ್ಲ. ಸಿಕ್ಕಿಕೊಂಡಂತೆ ನಟಿಸಿದೆ. ಉಸಿರು ಮುಗಿಯುತ್ತ ಬಂತು, ಕಣ್ಣ ಮುಂದೆ ನಕ್ಷತ್ರ ಕುಣಿದವು, ಸ್ವರ ಬಿಡಲಿಲ್ಲ. ಮೇಷ್ಟ್ರು ನನಗಾಗಿ ಸಾವಿರ ಸಂಜೆ ಕಾದ ಸ್ವರ, ನಾನು ನನ್ನ ತಂಗಿಗಾಗಿ ಒಂದು ಸಂಜೆ ಕಾಯಲಾರೆನೇ?

ಅವಳು ಕಾಲು ಮುಂದಿಟ್ಟಳು. ಬಕಲ್ಲು ಬಿಟ್ಟೆ. ನೀನು ಕೊನೆಯ ಭಾಗ ಹಿಡಿದೆ. ಆಮೇಲೆ ಅವಳು ಇಳಿಯಲಿಲ್ಲ, ಓಡಿಬಂದಳು!

ಜನ ಎದ್ದು ನಿಂತಿದ್ದರು. ಭಾವನವರ ಕೈ ಅವಳ ಕೈಯಲ್ಲಿತ್ತು. ನನ್ನ ಎದೆ ಎಷ್ಟು ತುಂಬಿಬಂದಿತ್ತೆಂದರೆ ಬಾಯಿ ತಾನಾಗಿ ತೆರೆಯಿತು. ಯೋಚಿಸಿ ಕೂಗಲಿಲ್ಲ. ಕೈ ಮೇಲಕ್ಕೆತ್ತಿ, ಮೂರನೆಯ ಅಂತಸ್ತು ನಡುಗುವಂತೆ ಕೂಗಿದೆ:

"ಗುಡುಗೇ, ಗರ್ಜಿಸು!"

ಕೂಗಿದ ಮೇಲೆ ಕೆಟ್ಟೆ ಎಂದುಕೊಂಡೆ. ಮತ್ತೆ ಅದೇ ಮೌನ, ಮತ್ತೆ ಅದೇ ನಗು...

ಧಡಲ್! ಧಡಲ್! ಧಡ ಧಡ ಧಡಲ್!

ಅಯ್ಯಯ್ಯೋ! ಅದು ಕನ್ನಡಿಯಲ್ಲ! ಕಿಟಕಿಗಳು ಅದುರಿದವು! ಅಧಿಕಾರಿಯ ಪೆನ್ನು ಉರುಳಿತು! ಎರಡನೆಯ ಅಂತಸ್ತಿನ ಮಗು ಖುಷಿಯಿಂದ ಕಿರುಚಿತು! ಮೂವತ್ತು ವರ್ಷ ತಡವಾಗಿ ಬಂದ ಗುಡುಗು, ಬಡ್ಡಿಸಮೇತ ಬಂತು! ನಾನು ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆ, ಮತ್ತೇನನ್ನೋ ಮಾಡಿದೆ, ಅದನ್ನು ತಂಗಿ ತನ್ನ ಸೆರಗಿನ ತುದಿಯಲ್ಲಿ ಒರೆಸಿದಳು. ಅಷ್ಟು ವರ್ಷ ಆ ತಗಡನ್ನು ಇಟ್ಟುಕೊಂಡಿದ್ದೆಯಾ? ಅದರಲ್ಲೂ ಒಂದು ಟ್ರಂಕು ಮಾಡಿ ಮಾರಲಿಲ್ಲವೇ?

ಆಣೆಯ ವಿಷಯ. ನಾನು ಅಂದೂ ನಿನ್ನೊಡನೆ ಮಾತಾಡಲಿಲ್ಲ. ಗುಡುಗಿನೊಡನೆ ಮಾತಾಡಿದೆ, ಅದು ಉತ್ತರ ಕೊಟ್ಟಿತು. ಆದರೆ ಆಮೇಲೆ ಕುಳಿತು ಯೋಚಿಸಿದೆ. ಆ ಆಣೆ ಮಾಡಿದವನು ಯಾರು? ರಾಜ. ಕಿರೀಟ ತೊಟ್ಟೇ ಮಾಡಿದ್ದ. ಶನಿವಾರ ಎಲ್ಲರೆದುರು ಆ ಕಿರೀಟ ತೆಗೆದಾಯಿತು. ಈಗ ಉಳಿದಿರುವವನು ಭಿಕ್ಷುಕ. ಭಿಕ್ಷುಕ ಯಾವ ಆಣೆಯನ್ನೂ ಮಾಡಿಲ್ಲ, ಅವನಿಗೆ ಕೇಳಿಕೊಳ್ಳುವುದೊಂದೇ ಗೊತ್ತು.

ಭಾನುವಾರ ನನಗೆ ರಜ. ಬೆಳಿಗ್ಗೆ ನಿಮ್ಮ ಊರಿನ ಬಸ್ಸು ಹತ್ತುತ್ತೇನೆ, ಯಾರೂ ಕೂಗುವುದಿಲ್ಲ. ನಿನ್ನ ಅಂಗಡಿಯ ಬಾಗಿಲಲ್ಲಿ ನಿಂತು ಮೊದಲ ಮಾತು ಏನು ಹೇಳಬೇಕೆಂದು ವಾರವೆಲ್ಲ ಅಭ್ಯಾಸ ಮಾಡುತ್ತಿದ್ದೇನೆ. ಹತ್ತು ಬಗೆಯಲ್ಲಿ ಬರೆದೆ, ಒಂದೂ ನಾಲಿಗೆಗೆ ನಿಲ್ಲುತ್ತಿಲ್ಲ. ಇಂಥ ನಟನಿಗೆ ಮಾತು ಮರೆಯುವ ಭಯ! ನಗಬೇಡ.

ಬರಿಗೈಯಲ್ಲಿ ಬರುತ್ತಿರುವ,
ದೊರೆ

*

ಟ್ರಂಕಿನ ಅಂಗಡಿ
ಜೂನ್ ೫

ದೊರೆ,

ಬಾ. ಅಂಗಡಿಯ ಎಡಗಡೆಯ ಬಾಗಿಲು ತೆರೆದಿರುತ್ತದೆ.

ಮಾತು ಮರೆತರೆ ಗಾಬರಿಯಾಗಬೇಡ. ಪರದೆಯ ಹಿಂದಿನಿಂದ ಎಷ್ಟು ಸಲ ಹೇಳಿಕೊಟ್ಟಿಲ್ಲ ನಿನಗೆ? ಪಕ್ಕದಲ್ಲೇ ನಿಂತಿರುತ್ತೇನೆ.

ತಗಡು